ಡಬ್ಬಿಯ ಮೇಲಿನ ಅಂಕಿ



ನಿಮ್ಮ ಮನೆಯಲ್ಲಿ ಇಪ್ಪತ್ತು-ಇಪ್ಪತ್ತೈದರ ಆಸುಪಾಸಿನ ಮಗನೋ ಅಳಿಯನೋ ಇದ್ದು, ಅವನ ಕೈಯಲ್ಲಿ ಒಂದು ಕಾರೋ ಟ್ರ್ಯಾಕ್ಟರೋ ಇದ್ದರೆ, ಇಲ್ಲಿ ನಾನು ಹೇಳಹೊರಟಿರುವ ವಸ್ತು ನಿಮಗೆ ಅಪರಿಚಿತವಾಗಿರಲಾರದು. ಹಿಂದಿನ ಸೀಟಿನ ಬೆನ್ನಿಗೆ ಅಥವಾ ಡಿಕ್ಕಿಯೊಳಗೆ ಕೂತಿರುವ ಒಂದು ಮರದ ಪೆಟ್ಟಿಗೆ. ಅದರ ಮುಖಕ್ಕೆ ಊಟದ ತಟ್ಟೆಯಷ್ಟು ಅಗಲದ ಕಪ್ಪು ಸ್ಪೀಕರು. ಅಂಗಡಿಯವರು ಅದನ್ನು ಸಬ್‌ವೂಫರ್ ಎನ್ನುತ್ತಾರೆ. ಹುಡುಗರ ಬಾಯಲ್ಲಿ ಅದು ಬರೀ ಊಫರ್. ಹಾಡಿನ ಮಾತು ಅದರಿಂದ ಕೇಳಿಸುವುದಿಲ್ಲ. ಡೊಳ್ಳಿನ ತಳದ ಸದ್ದು, ತಮಟೆಯ ಗುಂಯ್‌ಗುಟ್ಟುವಿಕೆ, ಅಷ್ಟೇ. ಅದು ಕಿವಿಗೆ ಮುಟ್ಟುವ ಮೊದಲೇ ಎದೆಗೆ ತಟ್ಟುತ್ತದೆ.

ನಮ್ಮ ಹಿರೇಕೆರೂರು ಸೀಮೆಯಲ್ಲಿ ಈ ಪೆಟ್ಟಿಗೆಗೆ ತನ್ನದೇ ಆದ ಒಂದು ಋತುಮಾನವಿದೆ. ಮೆಕ್ಕೆಜೋಳ, ಹತ್ತಿ ಮಾರಿದ ದುಡ್ಡು ಕೈಗೆ ಬರುವುದಕ್ಕೂ, ದೀಪಾವಳಿಯಿಂದ ಮೊದಲಾಗುವ ಕೊಬ್ಬರಿ ಹೋರಿ ಹಬ್ಬಗಳು ಊರೂರಿಗೆ ಹಬ್ಬುವುದಕ್ಕೂ ಸರಿಹೋಗುತ್ತದೆ. ಕೊಬ್ಬರಿಯ ಹಾರ, ಬಲೂನು, ಜೂಲಗಳಿಂದ ಸಿಂಗಾರಗೊಂಡ ಹೋರಿ ಮುಂದೆ, ಅದರ ಅಭಿಮಾನಿಗಳು ತುಂಬಿದ ವಾಹನ ಹಿಂದೆ, ಆ ವಾಹನದಿಂದ ಹೊರಡುವ ಸದ್ದು ಎಲ್ಲಕ್ಕಿಂತ ಮುಂದೆ. ಇದನ್ನು ಬರೀ ಪುಂಡಾಟವೆಂದು ತಳ್ಳಿಹಾಕುವ ಹಿರಿಯರ ಗುಂಪಿಗೆ ನಾನು ಸೇರಿದವನಲ್ಲ. ಹಗಲೆಲ್ಲ ಉಳುಮೆ ಮಾಡುವವನಿಗೆ, ರಾತ್ರಿಯೆಲ್ಲ ಗಾಡಿ ಓಡಿಸುವವನಿಗೆ ಹಾಡೇ ಜೊತೆಗಾರ. ಆದರೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನಾಗಿ ನನಗೆ ಒಂದು ಸಂಗತಿ ಕಾಡುತ್ತದೆ. ಹತ್ತನೆಯ ತರಗತಿಯಲ್ಲಿ ಓಮ್ ನಿಯಮವನ್ನು ಬಾಯಿಪಾಠ ಒಪ್ಪಿಸಿ ಅಂಕ ಪಡೆದ ಹುಡುಗನೇ, ಅದೇ ನಿಯಮ ತನ್ನ ಕಾರಿನ ಡಿಕ್ಕಿಯಲ್ಲಿ ಕೂತಿರುವುದನ್ನು ಗುರುತಿಸದೆ ಹೋಗುತ್ತಾನೆ.

ನನ್ನ ಅಕ್ಕನ ಮಗನೊಬ್ಬ ಬಾಡಿಗೆ ಕಾರು ಓಡಿಸುತ್ತಾನೆ. ರಾಣೇಬೆನ್ನೂರಿನ ರೈಲು ಹಿಡಿಯುವವರು, ದಾವಣಗೆರೆಯ ಆಸ್ಪತ್ರೆಗಳಿಗೆ ಹೋಗುವ ರೋಗಿಗಳು, ಮದುವೆಯ ದಿಬ್ಬಣದವರು: ಇವರೇ ಅವನ ಅನ್ನದಾತರು. ಕಾರಿನ ಸಾಲದ ಕಂತು ಇನ್ನೂ ತೀರಿಲ್ಲ. ಹೀಗಿರುವಾಗ ಅವನು ಊಫರ್ ಹಾಕಿಸಿದ್ದೇ ಮನೆಯಲ್ಲಿ ದೊಡ್ಡ ಜಗಳಕ್ಕೆ ಕಾರಣವಾಯಿತು. ಎರಡು ತಿಂಗಳೊಳಗೆ ಮೊದಲು ಆಂಪ್ಲಿಫೈಯರು ಕೈಕೊಟ್ಟಿತು, ಆಮೇಲೆ ಊಫರ್ ಸುಟ್ಟಿತು, ಕಡೆಗೆ ಒಂದು ಸಂಜೆ ಬಾಗಿಲ ಬುಡದ ಹಾಸಿನ ಕೆಳಗಿನಿಂದ ಹೊಗೆ ಎದ್ದಿತು. ಹಿಂದಿನ ಸೀಟಿನಲ್ಲಿ ಡಯಾಲಿಸಿಸ್ ಮುಗಿಸಿಕೊಂಡು ಮರಳುತ್ತಿದ್ದ ಹಿರಿಯರೊಬ್ಬರಿದ್ದರು. ದೇವರ ದಯೆ, ಗಾಡಿ ನಿಲ್ಲಿಸಿ ಬ್ಯಾಟರಿಯ ತಂತಿ ಕಿತ್ತದ್ದರಿಂದ ಅಷ್ಟಕ್ಕೇ ಮುಗಿಯಿತು. ಅಕ್ಕ ಮಾತ್ರ ಒಂದೇ ಮಾತು ಹಿಡಿದಳು: "ಆ ಪೆಟ್ಟಿಗಿ ಇರಬೇಕು, ಇಲ್ಲಾ ನಾನು ಇರಬೇಕು."

ಮರುದಿನ ಅವನು ಎರಡು ಖಾಲಿ ಡಬ್ಬಿಗಳನ್ನು ಎತ್ತಿಕೊಂಡು ನನ್ನ ಮನೆಗೆ ಬಂದ. "ಮಾಮಾ, ನೀವ ನೋಡ್ರಿ. ಊಫರಿನ ಡಬ್ಬಿ ಮ್ಯಾಲ ಸಾವಿರದ ಇನ್ನೂರು ವ್ಯಾಟ್ ಅಂತ ಬರದೈತಿ. ಆಂಪ್ಲಿಫೈಯರಿನ ಮ್ಯಾಲೂ ಸಾವಿರದ ಇನ್ನೂರ ಐತಿ. ಎರಡೂ ಸಮ ಅದಾವಲ್ರಿ? ಮತ್ತ ಯಾಕ ಸುಟ್ಟೂ?"

ಓದುಗರೇ, ಈ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ಅವನು ತನಗೆ ತಿಳಿದಷ್ಟರಲ್ಲಿ ಸರಿಯಾದದ್ದನ್ನೇ ಮಾಡಿದ್ದ. ಎರಡು ಎತ್ತುಗಳನ್ನು ಒಂದು ನೊಗಕ್ಕೆ ಹೂಡುವ ಮುನ್ನ ಎರಡರ ಕಸುವು ನೋಡುವಂತೆ, ಎರಡು ಡಬ್ಬಿಗಳ ಅಂಕಿಯನ್ನು ಹೊಂದಿಸಿದ್ದ. ತೊಡಕು ಇದ್ದದ್ದು ಆ ಅಂಕಿಯಲ್ಲಿ.

ಡಬ್ಬಿಯ ಮುಖದ ಮೇಲೆ ದೊಡ್ಡದಾಗಿ ಅಚ್ಚಾಗುವ ವ್ಯಾಟ್, ಒಂದು ಕ್ಷಣದ ಮಾತು. ಕಣ್ಣು ಮಿಟುಕಿಸುವಷ್ಟು ಹೊತ್ತು ಆ ಹೊರೆಯನ್ನು ತಾಳಬಲ್ಲದು ಎಂದಷ್ಟೇ ಅದರ ಅರ್ಥ. ಕೆಲವು ಡಬ್ಬಿಗಳಲ್ಲಿ ಅಷ್ಟೂ ಅರ್ಥವಿಲ್ಲ. ನಾವು ಹುಡುಕಬೇಕಾದದ್ದು ಒಳಗಿನ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಆರ್‌ಎಂಎಸ್ ಎಂಬ ಅಂಕಿಯನ್ನು. ಗಂಟೆಗಟ್ಟಲೆ ಎಡೆಬಿಡದೆ ಕೊಡಬಲ್ಲ, ಎಡೆಬಿಡದೆ ತಾಳಬಲ್ಲ ಶಕ್ತಿ ಅದು. ಅಳಿಯನ ಊಫರಿನ ಹಾಳೆ ಬಿಡಿಸಿದೆವು: ಆರ್‌ಎಂಎಸ್ 200 ವ್ಯಾಟ್. ಆಂಪ್ಲಿಫೈಯರಿನ ಹಾಳೆ: ಎರಡು ಚಾನೆಲ್, 4 ಓಮ್‌ಗೆ ತಲಾ 75 ವ್ಯಾಟ್, 2 ಓಮ್‌ಗೆ ತಲಾ 110, ಎರಡೂ ಚಾನೆಲ್ ಬ್ರಿಡ್ಜ್ ಮಾಡಿದರೆ 4 ಓಮ್‌ಗೆ 220 ವ್ಯಾಟ್. ಸಾವಿರದ ಇನ್ನೂರು ಎಲ್ಲಿಯೂ ಇರಲಿಲ್ಲ. ಹುಡುಗ ಆ ಹಾಳೆಯನ್ನು ಒಂದು ನಿಮಿಷ ಸುಮ್ಮನೆ ನೋಡುತ್ತ ಕೂತ.

ಈ ದೊಡ್ಡ ಅಂಕಿಗಳು ಎಲ್ಲಿಂದ ಹುಟ್ಟುತ್ತವೆ ಎಂಬುದನ್ನು ಒಂದು ಸುಲಭದ ಲೆಕ್ಕದಿಂದ ತೋರಿಸಬಹುದು. ನಿಮ್ಮ ಕಾರಿನ ಸ್ಟೀರಿಯೋದ ಮುಖದ ಮೇಲೆ 50×4 ಎಂದು ಬರೆದಿರುತ್ತದೆ. ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಅದರ ವರ್ಗ ಸುಮಾರು 207. ಅದನ್ನು ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ 52. ಸಿಕ್ಕಿತಲ್ಲ, ಐವತ್ತು! ಆದರೆ ಈ ಲೆಕ್ಕ ಸರಿಹೋಗುವುದು ಸದ್ದಿನ ಅಲೆಯ ತಲೆಯನ್ನೂ ಬುಡವನ್ನೂ ಕತ್ತರಿಸಿ ಚಪ್ಪಟೆ ಮಾಡಿದಾಗ ಮಾತ್ರ. ಅಂಥ ಅಲೆ ಸಂಗೀತವಲ್ಲ, ಗರಗಸದ ಕಿರುಚು. ಶುದ್ಧವಾದ ದುಂಡನೆಯ ಅಲೆಗೆ ಸಿಗುವುದು ಅದರರ್ಧ. ಒಳಗಿನ ಸೋರಿಕೆ ಕಳೆದರೆ ಇಪ್ಪತ್ತು ವ್ಯಾಟಿನ ಆಸುಪಾಸು. ಅಮೆರಿಕದ ತಯಾರಕರ ಸಂಘವೊಂದು 2003ರಲ್ಲಿ ಸಿಇಎ-2006 ಎಂಬ ಮಾನಕವನ್ನು ಹೊರತಂದದ್ದು ಈ ಗೊಂದಲ ತೀರಲೆಂದೇ: 14.4 ವೋಲ್ಟ್, 4 ಓಮ್, ನೂರಕ್ಕೆ ಒಂದಕ್ಕಿಂತ ಹೆಚ್ಚು ವಿಕಾರ ಬೆರೆಯದ ಸದ್ದು, ಆ ಸ್ಥಿತಿಯಲ್ಲಿ ಎಷ್ಟು ವ್ಯಾಟ್ ಎಂದು ಹೇಳಬೇಕು. ಆ ಹೆಸರು ಅಚ್ಚಾಗಿರುವ ಆಂಪ್ಲಿಫೈಯರಿನ ಅಂಕಿಯನ್ನು ನಂಬಬಹುದು. ಅಂಥದ್ದರ ಮೇಲೆ ಅಂಕಿ ಚಿಕ್ಕದಾಗಿರುತ್ತದೆ. ಅದಕ್ಕೇ ನಮ್ಮ ಹುಡುಗರಿಗೆ ಅದು ರುಚಿಸುವುದಿಲ್ಲ.

ಇನ್ನು ಓಮ್. ಇದರ ಬಳಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಅಳಿಯನ ದುಡ್ಡು ಹೋದದ್ದು ಇಲ್ಲಿಯೇ.

ಆಂಪ್ಲಿಫೈಯರು ತನ್ನ ವ್ಯಾಟುಗಳನ್ನು ಮೂಟೆ ಕಟ್ಟಿಕೊಂಡು ಕೂತಿರುತ್ತದೆ, ಸ್ಪೀಕರಿಗೆ ಅದನ್ನು ಸುರಿಯುತ್ತದೆ ಎಂದು ಜನ ಭಾವಿಸುತ್ತಾರೆ. ಹಾಗಿಲ್ಲ. ಆಂಪ್ಲಿಫೈಯರು ಕೊಡುವುದು ವೋಲ್ಟನ್ನು, ಎಂದರೆ ಒತ್ತಡವನ್ನು. ಎಷ್ಟು ಹರಿಯಬೇಕೆಂದು ನಿರ್ಧರಿಸುವುದು ಸ್ಪೀಕರಿನ ತಡೆ. ಮಾಳಿಗೆಯ ಮೇಲಿನ ನೀರಿನ ಟಾಕಿಯನ್ನು ನೆನೆಯಿರಿ. ಟಾಕಿಯ ಎತ್ತರ ಅಷ್ಟೇ ಇದ್ದರೂ ಸಣ್ಣ ನಲ್ಲಿಯಲ್ಲಿ ಕಡಿಮೆ ನೀರು, ದೊಡ್ಡ ನಲ್ಲಿಯಲ್ಲಿ ಹೆಚ್ಚು ನೀರು. 8 ಓಮ್ ಎಂದರೆ ಸಣ್ಣ ನಲ್ಲಿ, 4 ಓಮ್ ಅದರ ಎರಡರಷ್ಟು ಬಿಡುವ ನಲ್ಲಿ, 2 ಓಮ್ ನಾಲ್ಕರಷ್ಟು. ಓಮ್ ಕಡಿಮೆಯಾದಂತೆ ಕೇಳಿಕೆ ಹೆಚ್ಚುತ್ತದೆ. ಕೇಳಿದ್ದನ್ನೆಲ್ಲ ಕೊಡಲು ಹೋದ ಆಂಪ್ಲಿಫೈಯರು ಕಾದು ಕೆಂಪು ದೀಪ ಹೊತ್ತಿಸಿಕೊಂಡು ಕೂರುತ್ತದೆ. ಕಾವಲು ವ್ಯವಸ್ಥೆ ಇಲ್ಲದ ಅಗ್ಗದ್ದಾದರೆ ಸತ್ತೇಹೋಗುತ್ತದೆ. ವ್ಯಾಟ್ ಎಂಬುದು ಒಂಟಿಯಾಗಿ ಯಾವ ಡಬ್ಬಿಯಲ್ಲಿಯೂ ಇರುವುದಿಲ್ಲ. ಕೊಡುವವನೂ ಕೇಳುವವನೂ ಕೂಡಿದಾಗ ಅದು ಹುಟ್ಟುತ್ತದೆ.

ಈ ಓಮ್ ಎಂಬ ಹೆಸರಿನ ಮನುಷ್ಯನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಗೇಯಾರ್ಗ್ ಸೈಮನ್ ಓಮ್ 1789ರಲ್ಲಿ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಹುಟ್ಟಿದವನು. ತಂದೆ ಬೀಗ ಮಾಡುವ ಕಮ್ಮಾರ. ಆದರೆ ತಾನೇ ಓದಿ ಕಲಿತು ಮಕ್ಕಳಿಗೆ ಗಣಿತ ಹೇಳಿಕೊಟ್ಟ ಕಮ್ಮಾರ. 1817ರಲ್ಲಿ ಓಮ್ ಕೊಲೋನ್ ನಗರದ ಯೇಸುಸಭೆಯವರ ಹಳೆಯ ಶಾಲೆಯಲ್ಲಿ ಗಣಿತ, ಭೌತಶಾಸ್ತ್ರದ ಮೇಷ್ಟ್ರಾಗಿ ಸೇರಿದ. ಆ ಶಾಲೆಯ ಪ್ರಯೋಗಾಲಯದಲ್ಲಿ ತಂತಿಗಳ ಉದ್ದ ದಪ್ಪಗಳನ್ನು ಬದಲಿಸುತ್ತ ಅಳೆದು ಅಳೆದು ಈ ನಿಯಮ ಕಂಡುಕೊಂಡ. 1827ರಲ್ಲಿ ಅದನ್ನು ಪುಸ್ತಕವಾಗಿ ತಂದಾಗ ಅವನ ನಾಡಿನ ಪಂಡಿತರು ಮೂಗು ಮುರಿದರು. ಅವನು ಕೆಲಸ ಬಿಟ್ಟು ವರ್ಷಗಟ್ಟಲೆ ಕಷ್ಟಪಟ್ಟ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನ ಅವನ ಹೆಸರನ್ನು ತಡೆಯ ಅಳತೆಗೆ ಇಟ್ಟಿತು. ಅಷ್ಟರಲ್ಲಿ ಅವನು ತೀರಿಕೊಂಡು ಇಪ್ಪತ್ತೇಳು ವರ್ಷಗಳಾಗಿದ್ದವು. ಊಫರಿನ ಬೆನ್ನ ಮೇಲೆ ಕುದುರೆಲಾಳದಂತಿರುವ ಗ್ರೀಕ್ ಅಕ್ಷರ ಕಂಡಾಗಲೆಲ್ಲ ನನಗೆ ಆ ಮೇಷ್ಟ್ರು ನೆನಪಾಗುತ್ತಾನೆ.

ಹಾಡಿನ ವಿದ್ಯುತ್ತು ಬ್ಯಾಟರಿಯದರಂತೆ ಒಂದೇ ದಿಕ್ಕಿಗೆ ಹರಿಯುವುದಿಲ್ಲ, ಅತ್ತಿತ್ತ ತೂಗಾಡುತ್ತದೆ. ಆದ್ದರಿಂದ ಸ್ಪೀಕರಿನ ತಡೆಯೂ ಸ್ವರಕ್ಕೆ ತಕ್ಕಂತೆ ಏರಿಳಿಯುತ್ತದೆ. ಇದಕ್ಕೆ ಇಂಪೀಡೆನ್ಸ್ ಎಂಬ ಬೇರೆ ಹೆಸರನ್ನು 1886ರಲ್ಲಿ ಕೊಟ್ಟವನು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. 4 ಓಮ್ ಎಂದು ಬರೆದ ಊಫರಿಗೆ ಮಲ್ಟಿಮೀಟರ್ ಹಿಡಿದರೆ ಮೂರೂಚಿಲ್ಲರೆ ತೋರಿಸುತ್ತದೆ. ಅದನ್ನು ಕಂಡು ಮಾಲು ಖೋಟಾ ಎಂದು ಅಂಗಡಿಯವನ ಮೇಲೆ ಏರಿಹೋಗಬೇಡಿ. ಮೀಟರು ಅಳೆಯುವುದು ನಿಂತ ತಂತಿಯ ತಡೆಯನ್ನು ಮಾತ್ರ.

ಅಳಿಯನ ಊಫರಿಗೆ ಒಳಗೆ ಎರಡು ಕಾಯಿಲ್ ಇದ್ದವು, ತಲಾ 4 ಓಮ್. ಇಂಥ ಜೋಡಿ ಕಾಯಿಲಿನ ಊಫರನ್ನು ಎರಡು ಬಗೆಯಾಗಿ ಕೂಡಿಸಬಹುದು. ಎರಡು ಕಾಯಿಲನ್ನೂ ಅಕ್ಕಪಕ್ಕ ಇಟ್ಟು, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ ತಡೆ ಅರ್ಧವಾಗಿ 2 ಓಮ್. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದರೆ ತಡೆ ಕೂಡಿ 8 ಓಮ್. 4 ಮಾಡಲು ಅದರಲ್ಲಿ ದಾರಿಯೇ ಇಲ್ಲ. ಆದರೆ ಅವನ ಆಂಪ್ಲಿಫೈಯರಿಗೆ, ಬ್ರಿಡ್ಜ್ ಮಾಡಿದಾಗ, 4ಕ್ಕಿಂತ ಕೆಳಗಿನದು ಆಗದು. ಬ್ರಿಡ್ಜ್ ಮಾಡಿದಾಗ ಎರಡು ಚಾನೆಲ್‌ಗಳು ಒಂದು ಹೊರೆಯನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಪ್ರತಿಯೊಂದು ಚಾನೆಲ್‌ಗೂ ಆ ಓಮ್‌ನ ಅರ್ಧವಷ್ಟೇ ಕಾಣಿಸುತ್ತದೆ. 4 ಓಮ್ ಕಟ್ಟಿದರೆ ತಲಾ 2, 2 ಓಮ್ ಕಟ್ಟಿದರೆ ತಲಾ 1. ಅಂಗಡಿಯ ಹುಡುಗ ಕಟ್ಟಿದ್ದು 2 ಓಮ್. ಮೊದಲ ವಾರ ಕಿವಿ ಗಡಚಿಕ್ಕುವ ಸದ್ದು ಬಂತು, ಎಲ್ಲರೂ ಹೊಗಳಿದರು. ರಟ್ಟೀಹಳ್ಳಿಯ ದಾರಿಯಲ್ಲಿ ಒಂದು ಮಧ್ಯಾಹ್ನ ಕೆಂಪು ದೀಪ ಹತ್ತಿ ಎಲ್ಲವೂ ಮೌನವಾಯಿತು.

ಆಂಪ್ಲಿಫೈಯರು ರಿಪೇರಿಯಾಗಿ ಬಂತು. ಈ ಸಲ ಬೇರೊಬ್ಬ ಮೆಕ್ಯಾನಿಕ್ಕು ತಂತಿಯನ್ನು 8 ಓಮ್‌ಗೆ ಬದಲಿಸಿದ. ಅದು ಆಂಪ್ಲಿಫೈಯರಿಗೆ ನಿಜಕ್ಕೂ ಸುರಕ್ಷಿತ. ಶಕ್ತಿ ಮಾತ್ರ 220ರಿಂದ 150 ವ್ಯಾಟಿಗೆ ಇಳಿಯಿತು. ಅಳಿಯನಿಗೆ ಹಾಡು ಸಪ್ಪೆಯೆನಿಸಿತು. ಅವನು ಆಂಪ್ಲಿಫೈಯರಿನ ಬದಿಯಲ್ಲಿದ್ದ ಗೇನ್ ಎಂಬ ತಿರುಪನ್ನು ಸ್ಕ್ರೂಡ್ರೈವರ್ ಹಾಕಿ ಕೊನೆಯವರೆಗೂ ತಿರುಗಿಸಿದ.

ನಮ್ಮ ಸೀಮೆಯಲ್ಲಿ ಊಫರುಗಳು ಸಾಯುವುದು ಹೆಚ್ಚಾಗಿ ಇದೇ ತಿರುಪಿನಿಂದ. ಗೇನ್ ಎಂಬುದು ಶಕ್ತಿಯನ್ನು ಹೆಚ್ಚಿಸುವ ಗುಂಡಿಯಲ್ಲ. ಸ್ಟೀರಿಯೋದಿಂದ ಬರುವ ಸಂಕೇತಕ್ಕೂ ಆಂಪ್ಲಿಫೈಯರಿನ ಬಾಯಿಗೂ ಹೊಂದಾಣಿಕೆ ಮಾಡುವ ಬಿರಟೆ ಅದು. ಮಿತಿಮೀರಿ ತಿರುಗಿಸಿದರೆ, ಆಗ ಹೇಳಿದೆನಲ್ಲ, ಅಲೆಯ ತಲೆ ಕತ್ತರಿಸಿಹೋಗುತ್ತದೆ. ಪೂರ್ತಿ ಚಪ್ಪಟೆಯಾದ ಅಲೆಯಲ್ಲಿ ದುಂಡನೆಯ ಅಲೆಯ ಎರಡರಷ್ಟು ಶಕ್ತಿ ಇರುತ್ತದೆ. 150 ವ್ಯಾಟಿನ ಆಂಪ್ಲಿಫೈಯರಿನಿಂದ 300 ವ್ಯಾಟ್ ಹೊರಟು 200 ತಾಳುವ ಕಾಯಿಲಿಗೆ ಹೋಯಿತು. ಮದುವೆಯ ಮೆರವಣಿಗೆ, ಮುಚ್ಚಿದ ಡಿಕ್ಕಿ, ಬೇಸಿಗೆಯ ಬಿಸಿಲು, ಒಂದೂವರೆ ಗಂಟೆ ಎಡೆಬಿಡದ ಕುಣಿತ. ಕಾಯಿಲಿನ ಮೇಲಿನ ಮೆರುಗುಲೇಪ ಸುಟ್ಟು ಆ ಹುಳಿಘಾಟು ಬಂದಾಗ ವರನ ಕಡೆಯವರು ಎಂಜಿನ್ ಸುಟ್ಟಿತೆಂದು ಕೂಗಿಕೊಂಡರಂತೆ.

ವಿಚಿತ್ರವೆಂದರೆ, 220 ವ್ಯಾಟಿಗೂ 150 ವ್ಯಾಟಿಗೂ ನಡುವಿನ ಅಂತರ ಕಿವಿಗೆ ತಿಳಿಯುವುದೇ ಕಷ್ಟ. ನಮ್ಮ ಕಿವಿಯನ್ನು ಸೃಷ್ಟಿಸಿದ ರೀತಿಯೇ ಹಾಗೆ. ಶಕ್ತಿ ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಸದ್ದು ಎರಡರಷ್ಟು ಜೋರೆನಿಸಬೇಕಾದರೆ ಶಕ್ತಿ ಸುಮಾರು ಹತ್ತರಷ್ಟು ಬೇಕು. ಹೆಚ್ಚು ಸದ್ದು ಬೇಕೆನ್ನುವವರು ಊಫರಿನ ಹಾಳೆಯಲ್ಲಿ ಸೆನ್ಸಿಟಿವಿಟಿ ಎಂಬ ಸಾಲನ್ನು ನೋಡಬೇಕು. 85 ಎಂದಿರುವುದಕ್ಕೂ 88 ಎಂದಿರುವುದಕ್ಕೂ ಇರುವ ಭೇದ, ಎರಡು ಪಟ್ಟು ದೊಡ್ಡ ಆಂಪ್ಲಿಫೈಯರಿಗೆ ಸಮ. ಪೆಟ್ಟಿಗೆಯೂ ಹಾಗೆಯೇ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ಅವನ ಹಿಂದೆಯೇ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ, ಯಾವ ಸ್ಪೀಕರಿಗೆ ಎಷ್ಟು ಗಾಳಿಯ ಪೆಟ್ಟಿಗೆ ಬೇಕೆಂಬುದಕ್ಕೆ ಲೆಕ್ಕದ ದಾರಿ ಹಾಕಿಕೊಟ್ಟರು. ಬಡಗಿಗೆ "ಡಿಕ್ಕಿಯಾಗ ಹಿಡಿಯುವಷ್ಟು ದೊಡ್ಡದು ಮಾಡು" ಎಂದು ಹೇಳುವುದಕ್ಕಿಂತ ಹಾಳೆಯಲ್ಲಿ ಬರೆದ ಲೀಟರುಗಳನ್ನು ಹೇಳುವುದು ಒಳ್ಳೆಯದು.

ಹೊಗೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಊಫರ್ ಸುಟ್ಟರೆ ದುಡ್ಡು ಹೋಗುತ್ತದೆ, ತಂತಿ ಸುಟ್ಟರೆ ಜೀವ ಹೋಗಬಹುದು. ಬ್ಯಾಟರಿ ಮುಂದೆ, ಆಂಪ್ಲಿಫೈಯರು ಹಿಂದೆ. ನಡುವೆ ಐದು ಮೀಟರು. 220 ವ್ಯಾಟ್ ಹೊರಗೆ ಕೊಡಲು ಅಂಥ ಆಂಪ್ಲಿಫೈಯರು ಒಳಗೆ ಸುಮಾರು 400 ವ್ಯಾಟ್ ತಿನ್ನುತ್ತದೆ, ಉಳಿದದ್ದು ಕಾವಾಗಿ ಹೋಗುತ್ತದೆ. 400 ವ್ಯಾಟನ್ನು 13.8 ವೋಲ್ಟಿನಿಂದ ಭಾಗಿಸಿ: ಹತ್ತಿರ ಹತ್ತಿರ 30 ಆಂಪಿಯರ್. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪಿಯರ್ ಎಂಬುದನ್ನು ಮನಸ್ಸಿನಲ್ಲಿಡಿ. ಅಳಿಯನ ಕಾರಿಗೆ ಎಳೆದದ್ದು ಮನೆಗೆ ವೈರಿಂಗ್ ಮಾಡುವ 2.5 ಚದರ ಮಿಲಿಮೀಟರಿನ ತಂತಿ. ಅಂಥ ತಾಮ್ರದ ತಂತಿಗೆ ಮೀಟರಿಗೆ ಸುಮಾರು 7 ಮಿಲಿಓಮ್ ತಡೆ; ಐದು ಮೀಟರಿಗೆ 35. ಓಮ್ ಮೇಷ್ಟ್ರ ಲೆಕ್ಕ ಮಾಡಿದರೆ ದಾರಿಯಲ್ಲೇ ಒಂದು ವೋಲ್ಟ್ ನಷ್ಟ, 30 ವ್ಯಾಟ್ ಕಾವು. ಒಂದು ಸಣ್ಣ ಬೆಸುಗೆ ಕಡ್ಡಿಯ ಕಾವು ಅದು. ಉದ್ದಕ್ಕೂ ಹಂಚಿಹೋದರೆ ಹೇಗೋ ತಾಳೀತು. ಆದರೆ ಬಾಗಿಲ ಬುಡದಲ್ಲಿ ಎರಡು ತುಂಡು ತಂತಿಯನ್ನು ಕೈಯಲ್ಲೇ ಹೊಸೆದು ಟೇಪು ಸುತ್ತಿದ್ದರು. ಸಡಿಲ ಕೂಡುಗಂಟಿನಲ್ಲಿ ಕಾವೆಲ್ಲ ಒಂದೆಡೆ ಸೇರುತ್ತದೆ.

ಅದಕ್ಕಿಂತ ಹೆಚ್ಚಾಗಿ ನನ್ನ ಎದೆ ನಡುಗಿಸಿದ್ದು ಬ್ಯಾಟರಿಯ ಬಳಿ ಫ್ಯೂಸೇ ಇಲ್ಲದ್ದು. "ಆಂಪ್ಲಿಫೈಯರಿನಾಗ ಫ್ಯೂಸ್ ಐತಲ್ರಿ ಮಾಮಾ" ಎಂದ ಅಳಿಯ. ಆ ಫ್ಯೂಸು ಆಂಪ್ಲಿಫೈಯರನ್ನು ಕಾಯುತ್ತದೆ, ತಂತಿಯನ್ನಲ್ಲ. ದಾರಿಯಲ್ಲೆಲ್ಲೋ ತಂತಿಯ ಸಿಪ್ಪೆ ಸವೆದು ಕಾರಿನ ಕಬ್ಬಿಣಕ್ಕೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರನ್ನು ಆ ಬಿಂದುವಿಗೆ ನುಗ್ಗಿಸುತ್ತದೆ, ಹಿಂದಿನ ಫ್ಯೂಸಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಆದ್ದರಿಂದ ಫ್ಯೂಸು ಬ್ಯಾಟರಿಯಿಂದ ಒಂದು ಮೊಳದೊಳಗೆ ಇರಬೇಕು. ಹೋದ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವ ಜಾಣ್ಮೆ ನಮ್ಮ ಕಡೆ ಬಹಳ. ದಯವಿಟ್ಟು ನಿಮ್ಮ ಮನೆಯ ಗಾಡಿಗಳಲ್ಲಿ ಇದನ್ನೊಮ್ಮೆ ನೋಡಿ. ಲೇಖನದ ಉಳಿದದ್ದು ಮರೆತರೂ ನಡೆದೀತು.

ಅಕ್ಕನನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ಪೆಟ್ಟಿಗೆಯನ್ನು ಕಿತ್ತೊಗೆಯುವುದೇ ಸುಲಭವಾದ ದಾರಿಯಾಗಿತ್ತು, ಅವಳ ಭಯವೂ ನ್ಯಾಯವಾದದ್ದೇ. ಆದರೆ ಕಿತ್ತೊಗೆದಿದ್ದರೆ ಹುಡುಗ ಆರು ತಿಂಗಳ ಮೇಲೆ ಯಾರಿಗೂ ಹೇಳದೆ ಮತ್ತೊಂದು ಹಾಕಿಸುತ್ತಿದ್ದ, ಅದೇ ಅಂಗಡಿಯಲ್ಲಿ, ಅದೇ ತಂತಿಯಲ್ಲಿ. "ಒಂದ ಸಲ ಸರಿಯಾಗಿ ಮಾಡೋಣ ಅಕ್ಕಾ, ಆಮ್ಯಾಲೆ ನಿನಗ ಬ್ಯಾಡ ಅನಿಸಿದ್ರ ನಾನ ತಗಸ್ತೀನಿ" ಎಂದೆ. ಅವಳು ಉತ್ತರ ಕೊಡದೆ ಒಳಗೆ ಹೋಗಿ ಚಹಾ ತಂದಿಟ್ಟಳು. ಅದನ್ನೇ ಒಪ್ಪಿಗೆಯೆಂದು ತಿಳಿದೆವು.

ಮಾಡಿದ್ದು ಇಷ್ಟು. ಆಂಪ್ಲಿಫೈಯರನ್ನು ಇಟ್ಟುಕೊಂಡೆವು. ಹೊಸ ಊಫರ್ ಕೊಳ್ಳುವಾಗ ತಲಾ 2 ಓಮ್‌ನ ಎರಡು ಕಾಯಿಲ್ ಇರುವುದನ್ನು ಕೇಳಿ ತಂದೆವು. ಅದನ್ನು ಒಂದರ ಬಾಲಕ್ಕೊಂದು ಕಟ್ಟಿದರೆ 4 ಓಮ್. ಆರ್‌ಎಂಎಸ್ 200 ವ್ಯಾಟ್. ಆಂಪ್ಲಿಫೈಯರಿನ 220ಕ್ಕೆ ಅದು ಒಪ್ಪುವ ಜೋಡಿ. (ಹಳೆಯ ಊಫರೇ ಬದುಕಿದ್ದರೆ, 2 ಓಮ್ ತಾಳುವ ಒಂಟಿ ಚಾನೆಲಿನ ಆಂಪ್ಲಿಫೈಯರು ತರುವುದು ಇನ್ನೊಂದು ದಾರಿ.) ತಂತಿ 16 ಚದರ ಮಿಲಿಮೀಟರಿನದು, ಬ್ಯಾಟರಿಯಿಂದ ಅಂಗೈಯಗಲ ದೂರದಲ್ಲಿ 40 ಆಂಪಿಯರಿನ ಫ್ಯೂಸು, ನೆಲದ ತಂತಿಗೆ ಬಣ್ಣ ಕೆರೆದು ಬರೀ ಲೋಹಕ್ಕೆ ಬೋಲ್ಟು.

ಕೊನೆಗೆ ಗೇನ್. ಇದಕ್ಕೆ ಕಿವಿ ಬೇಡ, ಮಲ್ಟಿಮೀಟರು ಸಾಕು. 200 ವ್ಯಾಟನ್ನು 4 ಓಮ್‌ನಿಂದ ಗುಣಿಸಿದರೆ 800. ಅದರ ವರ್ಗಮೂಲ 28 ಚಿಲ್ಲರೆ. ಊಫರಿನ ತಂತಿ ಬಿಚ್ಚಿ, ಸ್ಟೀರಿಯೋದಲ್ಲಿ ಬಾಸ್ ಟ್ರೆಬಲ್‌ಗಳನ್ನೆಲ್ಲ ಸೊನ್ನೆಗೆ ತಂದು, 50 ಹರ್ಟ್ಸಿನ ಒಂದೇ ಸ್ವರ ಹಾಕಿ, ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಆಂಪ್ಲಿಫೈಯರಿನ ಬಾಯಿಗೆ ಎಸಿ ವೋಲ್ಟಿನಲ್ಲಿ ಮೀಟರು ಹಿಡಿದು, 28 ಬರುವವರೆಗೆ ತಿರುಪನ್ನು ಮೆಲ್ಲಗೆ ತಿರುಗಿಸಿದೆವು. ಕಾಲು ಭಾಗ ತಿರುಗುವಷ್ಟರಲ್ಲೇ 28 ಬಂತು. "ಇಷ್ಟ ಏನ್ರಿ?" ಎಂದು ಅಳಿಯ ಕೇಳಿದ. ಅಷ್ಟೇ.

ಇದೇ ನಿಯಮ ನಮ್ಮ ದೇವಾಲಯಗಳ ಧ್ವನಿವರ್ಧಕಕ್ಕೂ ಸಲ್ಲುತ್ತದೆ ಎಂಬುದನ್ನು ಹೇಳಿದರೆ ಗುರುಗಳು ಬೇಸರಿಸಲಾರರು. ಅಂಥ ಆಂಪ್ಲಿಫೈಯರಿನ ಹಿಂದೆ 4, 8, 16 ಓಮ್ ಎಂದೂ 70, 100 ವೋಲ್ಟ್ ಎಂದೂ ಬೇರೆ ಬೇರೆ ಬಾಯಿಗಳಿರುತ್ತವೆ. ಅಂಗಳಕ್ಕೂ ಗೋಪುರಕ್ಕೂ ದೂರದೂರ ಎಳೆದ ಹಾರ್ನುಗಳನ್ನು 100 ವೋಲ್ಟಿನ ಬಾಯಿಗೆ, ಪ್ರತಿಯೊಂದಕ್ಕೂ ಒಂದು ಲೈನ್ ಟ್ರಾನ್ಸ್‌ಫಾರ್ಮರ್ ಇಟ್ಟು ಕೊಡಬೇಕು. ಎಲ್ಲ ಹಾರ್ನುಗಳ ವ್ಯಾಟುಗಳ ಮೊತ್ತ ಆಂಪ್ಲಿಫೈಯರಿನದನ್ನು ಮೀರಬಾರದು. ಜಾತ್ರೆ, ಹಬ್ಬದ ಹಿಂದಿನ ದಿನ ಉತ್ಸಾಹಿಗಳು ಇನ್ನೆರಡು ಹಾರ್ನು ಎತ್ತಿ ಕಟ್ಟುವಾಗ ಈ ಕೂಡುವ ಲೆಕ್ಕವನ್ನು ಯಾರಾದರೊಬ್ಬರು ಮಾಡಲಿ.

ಸದ್ದಿಗೆ ಕಾನೂನಿನ ಮಿತಿಯೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಸಲ್ಲದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರು ಮೌನವಲಯ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ಕಾರಿನೊಳಗೆ ಕೂತವನ ಕಿವಿಗೆ ಬೇರೆಯೇ ಲೆಕ್ಕ: 85 ಡೆಸಿಬೆಲನ್ನು ದಿನಕ್ಕೆ ಎಂಟು ಗಂಟೆ ತಾಳಬಹುದಾದರೆ, ಪ್ರತಿ 3 ಡೆಸಿಬೆಲಿಗೆ ಆ ಅವಧಿ ಅರ್ಧವಾಗುತ್ತ ಹೋಗಿ, 100ಕ್ಕೆ ಹದಿನೈದೇ ನಿಮಿಷ ಉಳಿಯುತ್ತದೆ. ದಿನವಿಡೀ ಸ್ಟೀರಿಂಗ್ ಹಿಡಿಯುವವನು ಇದನ್ನು ತಿಳಿದಿರಬೇಕು. ಕಾಯಿಲನ್ನು ಅಂಗಡಿಯಲ್ಲಿ ಬದಲಾಯಿಸಬಹುದು, ಕಿವಿಯನ್ನು ಆಗದು.

ಅಕ್ಕ ಒಂದು ಕರಾರು ಹಾಕಿದಳು: ರೋಗಿಗಳು ಕೂತಾಗ ಊಫರ್ ಸದ್ದು ಮಾಡಕೂಡದು. ಅದಕ್ಕೆ ದಾರಿ ಸುಲಭವಿತ್ತು. ಸ್ಟೀರಿಯೋದಿಂದ ಆಂಪ್ಲಿಫೈಯರಿಗೆ ಎಚ್ಚರಿಸುವ ಒಂದು ಸಣ್ಣ ನೀಲಿ ತಂತಿ ಹೋಗುತ್ತದೆ. ಅದರಲ್ಲಿ ವಿದ್ಯುತ್ತು ಬಂದರೆ ಮಾತ್ರ ಆಂಪ್ಲಿಫೈಯರು ಏಳುತ್ತದೆ. ಅದನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕತ್ತರಿಸಿ ನಡುವೆ ಒಂದು ಪುಟ್ಟ ಸ್ವಿಚ್ಚು ಇಟ್ಟ. ಈಗ ದಾವಣಗೆರೆಯ ದಾರಿಯಲ್ಲಿ ಆ ಸ್ವಿಚ್ಚು ಕೆಳಗಿರುತ್ತದೆ, ಮುಂದಿನ ಎರಡು ಸ್ಪೀಕರಿನಲ್ಲಿ ಹಾಡು ಮೆಲ್ಲಗೆ ಇರುತ್ತದೆ. ಮರಳುವಾಗ, ಗಾಡಿ ಖಾಲಿಯಾದ ಮೇಲೆ, ಅವನು ಅದನ್ನು ಮೇಲೆತ್ತುತ್ತಾನೆ.